ಖಾಡಿ ಬ್ಯಾಂಡನ್ನು ಕೇಳಲು ವಿನೋದಾ ಹೋದದ್ದು

ನಮ್ಮ ಕನ್ನಡ ಶಾಲೆಯಲ್ಲಿ ವಿನೋದಾ ಕೊನೆಯ ಬೆಂಚಿನ ಹುಡುಗಿ. ನಾನು ಪಾಠ ಮಾಡುತ್ತಿರುವಾಗ ಬೆರಳಿನಿಂದ ತಾಳ ಹಾಕುವಳು. ಗದರಿದರೆ ಒಂದು ನಿಮಿಷ ನಿಲ್ಲಿಸುವಳು. ಈಗ ಅವಳಿಗೆ ನಲವತ್ತಾರು. ಮನೆ ನೆರೂಳದಲ್ಲಿ, ಕಚೇರಿ ಸಾನಪಾಡಾದಲ್ಲಿ.

ವಾಶಿಯ ನಾಲ್ವರು ಹುಡುಗರು ಕಾಲೇಜಿನಲ್ಲಿದ್ದಾಗ, ಊರಂಚಿನ ಕಡಲ ಹಿನ್ನೀರಿನ ಹೆಸರಿಟ್ಟು, 'ಖಾಡಿ' ಎಂಬ ರಾಕ್ ಬ್ಯಾಂಡು ಕಟ್ಟಿದ್ದರು. ಸಿನಿಮಾಕ್ಕೆ ಹಾಡಿದವರಲ್ಲ, ತಾವೇ ಬರೆದು, ತಾವೇ ಸಿ.ಡಿ. ಮಾಡಿ ಮಾರಿದವರು. ಇಪ್ಪತ್ತು ವರ್ಷ ವಿನೋದಾ ಅವರನ್ನು ಲೋಕಲ್ ರೈಲಿನಲ್ಲಿ ಇಯರ್‌ಫೋನಿನಿಂದ ಕೇಳಿದಳು, ಎದುರಿಗೆ ಕಾಣಲಿಲ್ಲ. ಮೊದಲು ಮನೆ, ಮಗು, ಆಮೇಲೆ ಭಯ. ಏಳು ವರ್ಷದ ಹಿಂದೆ ಒಂದು ಸ್ಟೇಷನ್ನಿನ ಸೇತುವೆಯ ಮೇಲೆ ನೂಕುನುಗ್ಗಲಿಗೆ ಸಿಕ್ಕಿದ್ದಳು. ಹತ್ತು ನಿಮಿಷ ಕಾಲು ನೆಲಕ್ಕೆ ತಾಗಿರಲಿಲ್ಲ. ಅಂದಿನಿಂದ ಅವಳು ಹತ್ತುವುದು ಖಾಲಿ ಇರುವ ಬೆಳಗಿನ ಗಾಡಿಯನ್ನೇ.

ಕಳೆದ ಜನವರಿಯಲ್ಲಿ ಬ್ಯಾಂಡು ಮುಚ್ಚುವ ಸುದ್ದಿ ಬಂತು. ಕೊನೆಯ ಕಾರ್ಯಕ್ರಮ ವಾಶಿಯ ಮೈದಾನದಲ್ಲಿ, ಸಂಜೆ ಐದಕ್ಕೆ. ಮಗಳು ಅನುಷ್ಕಾ ಎರಡು ಟಿಕೇಟು ತಂದಳು. ಭಯವಾಗುತ್ತದೆಂದು ತಾಯಿ ತುಳುವಿನಲ್ಲಿ ಹೇಳಿದರೆ, ಮಗಳ ಉತ್ತರ ಹಿಂದಿಯಲ್ಲಿ: ಹೆದರಿಕೆಯಾದರೆ ಹೊರಟುಬರೋಣ, ಆದರೆ ಆಮೇಲೆ ಅಳಬಾರದು.

"ಡರ್ ಲಗಾ ತೋ ನಿಕಲ್ ಜಾಯೇಂಗೆ, ಮಮ್ಮಿ. ಲೇಕಿನ್ ಬಾದ್ ಮೇ ರೋನಾ ಮತ್."

ಬ್ಯಾಂಡು ವೇದಿಕೆಗೆ ಬಂದೊಡನೆ ಹಿಂದಿನ ಜನ ಮುಂದಕ್ಕೊತ್ತಿತು. ಮಗಳ ಕೈ ಜಾರಿತು. ಎದೆಗೆ ಯಾರದೋ ಮೊಣಕೈ, ಬೆನ್ನಿಗೆ ಯಾರದೋ ಚೀಲ. ಡ್ರಮ್ಮಿನ ಪೆಟ್ಟು ಪಕ್ಕೆಲುಬಿಗೇ ಬೀಳುತ್ತಿತ್ತು. ಕಣ್ಣಿಗೆ ಕಂಡದ್ದು ಎತ್ತಿ ಹಿಡಿದ ಮೊಬೈಲುಗಳು ಮಾತ್ರ. ಹೊರಗೆ ಹೋದರೆ ಸಾಕಾಗಿತ್ತು. ಕಡೆಗೆ ಬಾಯಿಗೆ ಬಂದದ್ದು ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ರೂಢಿಯ ಮಾತು. ಇಳಿಯುವವಳು ನೂಕುವುದಿಲ್ಲ, ಇಳಿಯಲಿಕ್ಕಿದೆಯಾ ಎಂದು ಮುಂದಿನವಳನ್ನು ಕೇಳುತ್ತಾಳೆ. ಅವಳು ಇಳಿಯದಿದ್ದರೆ ಜಾಗ ಬಿಟ್ಟುಕೊಡುತ್ತಾಳೆ.

"ಉತರ್‌ನಾ ಹೈ ಕ್ಯಾ?"

ಇಲ್ಲಿ ಯಾವ ಸ್ಟೇಷನ್ನೆಂದು ಪಕ್ಕದ ಹುಡುಗಿ ನಕ್ಕಳು. "ಯಹಾಂ ಕೌನ್‌ಸಾ ಸ್ಟೇಷನ್ ಹೈ, ಆಂಟಿ?" ವಿನೋದಾಳ ಮುಖ ನೋಡಿದ ಮೇಲೆ ನಗು ನಿಲ್ಲಿಸಿದಳು. ಮೈಯನ್ನು ಅಡ್ಡಕ್ಕೆ ತಿರುಗಿಸಿ ಜಾಗ ಮಾಡಿದಳು. ಆಚೆಯವಳ ಭುಜ ತಟ್ಟಿ, "ಆಂಟಿ ಕೋ ಉತರ್‌ನಾ ಹೈ, ಸೈಡ್ ದೋ" ಎಂದಳು. ಅವಳೂ ತಿರುಗಿದಳು, ಅವಳಾಚೆಯವಳೂ. ಕೈಯಿಂದ ಕೈಗೆ ದಾಟಿಸಿ ವಿನೋದಾಳನ್ನು ಅಂಚಿನ ಕಂಬಿಗೆ ಮುಟ್ಟಿಸಿದರು.

ಕಂಬಿಯಾಚೆ ತೆರೆದ ಗೇಟು. "ಬಾಹರ್ ಜಾನಾ ಹೈ, ಮ್ಯಾಡಮ್?" ಎಂದು ಕಾವಲಿನವನು ಹೊರಗೆ ಹೋಗಲು ಹಗ್ಗ ಎತ್ತಿ ಹಿಡಿದ. ಅಲ್ಲಿಂದ ವೇದಿಕೆ ಓರೆಯಾಗಿ ಕಾಣುತ್ತಿತ್ತು. ತಲೆ ನರೆತ ಗಾಯಕ ಕನ್ನಡಕ ಒರೆಸಿಕೊಂಡು ಮೈಕಿನೆದುರು ನಿಂತಿದ್ದ.

"ಏಕ್ ಗಾನಾ," ಎಂದಳು ವಿನೋದಾ. ಒಂದು ಹಾಡು ಕೇಳಿ ಹೋಗುವೆನೆಂದು ಕಂಬಿ ಹಿಡಿದು ನಿಂತಳು. ಹುಡುಕಿಕೊಂಡು ಬಂದ ಅನುಷ್ಕಾ "ಚಲೇಂ?" ಎಂದು ಹೊರಡಲು ಕರೆದರೆ, ಸ್ವಲ್ಪ ನಿಲ್ಲೆಂದು ಕೈ ಮಾಡಿದಳು.

"ಅರ್ಧಕ್ಕರ್ಧ ಹಾಡು ನಂಗೆ ಕೇಳಲೇ ಇಲ್ಲ ಸರ್," ಎಂದು ಮೊನ್ನೆ ನನ್ನೊಡನೆ ಹೇಳಿದಳು. "ಗೇಟು ತೆರೆದೇ ಉಂಟಾ ಅಂತ ನೋಡ್ತಾ ಇದ್ದೆ."

ಕೊನೆಯ ಹಾಡು ಮುಗಿಯುವವರೆಗೂ ಅಲ್ಲಿಯೇ ನಿಂತಿದ್ದಳೆಂದು ನನಗೆ ಹೇಳಿದವಳು ಅನುಷ್ಕಾ.