ಶುಕ್ರವಾರದ ನಡುಕ

ನನ್ನ ತಂಗಿಯ ಬಲಭುಜ ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತ್ತು. ಊಟ ಮಾಡುವಾಗ, ಮಲಗಿದಾಗ, ಮಕ್ಕಳಿಗೆ ಜಡೆ ಹಾಕುವಾಗ, ಯಾವಾಗಲೂ ಹಾಗೇ. ಬೈಕಿನ ಸದ್ದು ಕೇಳಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹಾಸನದ ನರದ ಡಾಕ್ಟರು ಸ್ಕ್ಯಾನ್ ಮಾಡಿಸಿ ಎಲ್ಲ ನಾರ್ಮಲ್ ಎಂದರು. ಅವಳ ಗಂಡ ನೆಂಟರ ಮುಂದೆಲ್ಲ, "ನೋಡಿ, ಏನೂ ಇಲ್ವಂತೆ. ಬರೀ ನಾಟ್ಕ" ಎಂದುಕೊಂಡು ತಿರುಗಿದ. ಬೈಕು ಅವನದೇ. ಕುಡಿದು ಬಂದು ಹೊಡೆಯುತ್ತಿದ್ದವನೂ ಅವನೇ.

ಅವಳನ್ನು ಕೊಟ್ಟದ್ದು ಅರಕಲಗೂಡಿನ ಕಡೆಯ ಹಳ್ಳಿಗೆ. ನಾನಿರುವುದು ಚನ್ನರಾಯಪಟ್ಟಣದಲ್ಲಿ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತವರು ಹೊಳೆನರಸೀಪುರ. ಅಲ್ಲಿರುವ ಅಣ್ಣನಿಗೆ ವಿಷಯ ಹೇಳಿದರೆ, "ಅನುಸರಿಸ್ಕೊಂಡು ಓಗ್ಬೇಕು ಕಣವ್ವ, ಎರಡು ಎಣ್ಮಕ್ಳವೆ" ಎಂದು ಟವೆಲ್ ಕೊಡವಿಕೊಂಡು ಎದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವನ ಮನೆಯ ಕಾಫಿಯನ್ನೂ ಮುಟ್ಟದೆ ಬಂದೆ. ನನ್ನ ಮನೆಗೆ ಬಂದುಬಿಡು ಎಂದು ತಂಗಿಗೆ ಹೇಳದ ದಿನವಿಲ್ಲ. ಮಕ್ಕಳನ್ನು ಬಿಟ್ಟು ಅವಳು ಬರಲಾರಳು, ಮಕ್ಕಳನ್ನು ಅವರು ಕಳಿಸಲಾರರು. ಪೊಲೀಸ್ ಎಂಬ ಮಾತೆತ್ತಿದರೆ ನನ್ನ ಕೈ ಹಿಡಿದುಕೊಂಡು ಬೇಡ ಅನ್ನುತ್ತಿದ್ದಳು.

ಕೊನೆಗೆ ನಮ್ಮ ಶಾಲೆಯ ಟೀಚರೊಬ್ಬರು ಹಾಸನದ ಒಬ್ಬ ಕೌನ್ಸೆಲರ್ ಹೆಸರು ಹೇಳಿದರು. ಮೆಡಿಕಲ್ ಸ್ಟೋರಿನ ಮೇಲೆ ಒಂದು ಸಣ್ಣ ರೂಮು ಅವರದು. ಮನೆಯಲ್ಲಿ ಭುಜದ ಟ್ರೀಟ್‌ಮೆಂಟ್ ಎಂದಷ್ಟೇ ಹೇಳಿಸಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ಅವಳು ಗೊರೂರಿನ ಮೇಲೆ ಬರುವ ಬಸ್ಸು ಹಿಡಿಯುತ್ತಿದ್ದಳು, ನಾನು ರಜೆ ಹಾಕಿ ಈ ಕಡೆಯಿಂದ ಹೋಗುತ್ತಿದ್ದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಒಟ್ಟಿಗೆ ನಡೆದು ಹೋಗುತ್ತಿದ್ದೆವು.

ಹೊಡೆತದ ವಿಷಯ ನಾನು ಫೋನಿನಲ್ಲೇ ತಿಳಿಸಿದ್ದೆ. ಆ ಮೇಡಂ ತಂಗಿಯನ್ನು ಏನಾಯಿತು, ಯಾರು ಹೊಡೆದರು ಎಂದು ಕೇಳಲೇ ಇಲ್ಲ. "ಪಾದ ನೆಲಕ್ಕೆ ತಾಗಿರೋದು ಗೊತ್ತಾಗ್ತಿದೆಯಾ? ಈಗ ಉಸಿರು ಎಲ್ಲಿವರೆಗೆ ಹೋಗ್ತಿದೆ?" ಬರೀ ಇಂಥವೇ. ಇದಕ್ಕೆ ಹಾಸನಕ್ಕೆ ಬರಬೇಕಿತ್ತೇ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಆಮೇಲೆ ಎರಡೂ ಅಂಗೈ ಗೋಡೆಗೆ ಒತ್ತಿ ಜೋರಾಗಿ ತಳ್ಳಿಸಿದರು. ಉಸಿರು ಬಿಡುವಾಗ ಎದೆಯಾಳದಿಂದ ಹೂಂ ಎನ್ನಬೇಕು. ನನ್ನ ಮುಖ ನೋಡಿ ಅವರೇ ಹೇಳಿದರು: "ಏಟು ಬೀಳುವಾಗ ಇವರ ಕೈ ತಳ್ಳೋಕೆ ಎದ್ದು ಅರ್ಧಕ್ಕೆ ನಿಂತಿದೆ. ಆ ಅರ್ಧ ಮೈಯಲ್ಲೇ ಉಳಿದಿದೆ. ನಡುಕ ಬಂದ್ರೆ ತಡೀಬೇಡಿ. ಮುಗಿಯೋವರೆಗೂ ಬಿಡಿ, ತಾನಾಗೇ ನಿಲ್ಲುತ್ತೆ."

ಒಂದು ದಿನ ಅದು ಬಂತು. ಮಂಡಿಯಲ್ಲಿ ಶುರುವಾಗಿ ಸೊಂಟ, ಬೆನ್ನು, ಗದ್ದದವರೆಗೂ ಏರಿತು. ಮಳೆಯಲ್ಲಿ ನೆನೆದ ಕರುವಿನ ಹಾಗೆ ನನ್ನ ತಂಗಿ ನಡುಗಿದಳು. ನಡುಕ ನಿಂತಾಗ ಅವಳ ಭುಜ ಇಳಿದಿತ್ತು. ಎಷ್ಟೋ ವರ್ಷದ ಮೇಲೆ ಅವಳ ಕತ್ತು ಪೂರ್ತಿ ಕಂಡಿತು. ನನಗೆ ಅಳು ತಡೆಯಲಾಗಲಿಲ್ಲ. ಹೊರಗೆ ಬಂದು ಅವಳು ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಯನ್ನು ಚೂರೂ ಬಿಡದೆ ತಿಂದು, "ಅಕ್ಕ, ಇನ್ನೊಂದು ಏಳ್ಲಾ?" ಎಂದಳು.

ಮನೆಯಲ್ಲೂ ದಿನಾ ಮಾಡಿ ಎಂದು ಮೇಡಂ ಹೇಳಿದ್ದರು. ಆ ಮನೆಯಲ್ಲಿ ಅವಳನ್ನು ಯಾರೂ ಮಧ್ಯೆ ಕರೆಯದ ಜಾಗ ದೇವರ ಮನೆ ಒಂದೇ. ಶುಕ್ರವಾರ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಇಳಿಬಿಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ದೇವರ ಮನೆಯ ಗೋಡೆ ತಳ್ಳುತ್ತ ಹೂಂ ಹೂಂ ಎಂದಿದ್ದಾಳೆ. ನಡುಕ ಬಂದಿದೆ. ತಡೆಯಬೇಡಿ ಎಂದಿದ್ದರಲ್ಲ, ತಡೆಯಲಿಲ್ಲ. ಹೂವು ಇಡಲು ಬಂದ ಅತ್ತೆ ಬಾಗಿಲಲ್ಲೇ ಕುಸಿದು, "ಅಮ್ಮ ಬಂದವ್ಳೆ, ಮೈಮೇಲೆ ಅಮ್ಮ ಬಂದವ್ಳೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರಂತೆ.

ಮುಂದಿನದನ್ನು ತಂಗಿ ಫೋನಿನಲ್ಲಿ ಪಿಸುಗುಟ್ಟಿದಳು. ಕರ್ಪೂರ ಹಚ್ಚಿದರು, ನಿಂಬೆಹಣ್ಣು ತಂದರು. ಹಿಂದಿನ ರಾತ್ರಿ ಅವಳ ಕೂದಲು ಹಿಡಿದು ಎಳೆದಿದ್ದ ಗಂಡ ನೆಲಕ್ಕೆ ಉದ್ದಕ್ಕೆ ಬಿದ್ದು, "ಬೋರ್ ಎಲ್ಲಿ ಕೊರೆಸ್ಲಿ ತಾಯಿ?" ಎಂದು ಕೇಳಿದ. ಎಲ್ಲರೂ ಹೊರಗೆ ಹೋಗಲಿ ಎಂದು ಅವಳು ಬಾಗಿಲ ಕಡೆ ಕೈ ತೋರಿದಳು. ಅವರು ಮೂಡಲ ದಿಕ್ಕು ಎಂದುಕೊಂಡರು. ನಾನು ಫೋನು ಹಿಡಿದು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅಲ್ಲಿಂದ ಅವಳು ಹಾಸನಕ್ಕೆ ಬರುವುದು ತಪ್ಪತೊಡಗಿತು. ಒಂದು ಸಲ ಮಕ್ಕಳ ಪರೀಕ್ಷೆ, ಒಂದು ಸಲ ನೆಂಟರು. ಕೇಳಿ ಕೇಳಿ ಸಾಕಾಗಿ, ಒಂದು ಶುಕ್ರವಾರ ನಾನೇ ಕರೆದುಕೊಂಡು ಬರಲು ಹೊರಟೆ. ಅವರ ಜಗುಲಿ ತುಂಬ ಚಪ್ಪಲಿ. ಒಳಗೆ ಹಳದಿ ಸೀರೆ ಉಟ್ಟ ನನ್ನ ತಂಗಿ ನಡುಗುತ್ತಿದ್ದಳು, ಊರಿನವರು ಕೈ ಮುಗಿದು ಕೂತಿದ್ದರು. ಮೇಡಂ ರೂಮಿನಲ್ಲಿ ನೋಡಿದ್ದ ನನಗೆ ಒಂದೇ ನೋಟಕ್ಕೆ ತಿಳಿಯಿತು, ಅದು ತಾನಾಗಿ ಬಂದದ್ದಲ್ಲ. ನಡುಗಿ ನಿಂತ ಮೇಲೂ ಭುಜ ಕಿವಿಯ ಹತ್ತಿರವೇ ಇತ್ತು.

ಜನ ಹೋದ ಮೇಲೆ ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಏನೇ ಇದು ವೇಷ? ವಾಸಿಯಾಗ್ತಿತ್ತಲ್ಲೇ" ಎಂದು ಗದರಿದೆ.

ಅವಳು ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಳ್ಳುತ್ತ ಹೇಳಿದಳು: "ಅವತ್ತಿಂದ ಒಂದು ಏಟು ಬಿದ್ದಿಲ್ಲ ಕಣಕ್ಕ. ಲೇ ಅಂತಿದ್ದೋನು ಈಗ ನನ್ ಮುಂದೆ ಬೀಡಿನೂ ಸೇದಲ್ಲ. ನಡುಕ ತಾನಾಗೇ ನಿಲ್ತದೆ ಅಂದ್ರಲ್ಲ ನಿಮ್ ಮೇಡಂ. ನಿಂತೋದ್ರೆ ನಾನೇನ್ ಮಾಡ್ಲಿ?"

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಇನ್ನು ಕೆಲವು ಸಲ ಹಾಸನಕ್ಕೆ ಬಂದರೆ ಅವಳ ಮೈ ಪೂರ್ತಿ ಹಗುರವಾಗುತ್ತಿತ್ತೇನೋ. ಆದರೆ ಆ ಮೈ ಹೊತ್ತುಕೊಂಡು ಅವಳು ವಾಪಸು ಬರಬೇಕಾದದ್ದು ಈ ಮನೆಗೇ ಅಲ್ಲವೇ.

ಹೊರಡುವಾಗ ಅವಳ ಗಂಡ ಗೇಟಿನವರೆಗೂ ಬಂದ. ಆಚೀಚೆ ನೋಡಿ ದನಿ ತಗ್ಗಿಸಿದ. "ಅತ್ಗೆ, ನೀವು ಓದ್ದೋರು. ಅರಕಲಗೂಡ್ನಲ್ಲಿ ಒಬ್ರು ಇದು ಕಾಯ್ಲೆ ಕಣಯ್ಯ, ಅಮ್ಮ ಅಲ್ಲ ಅಂದ್ರು. ನೀವೇಳಿ, ನಿಮ್ ಮಾತು ನಂಬ್ತೀನಿ. ಇದು ಅಮ್ಮನೇಯಾ?"

"ಅಮ್ಮನೇ" ಎಂದೆ. "ನನ್ನನ್ನು ಬೇರೆಯಾಗಿ ಕೂರಿಸಿಕೊಂಡು ಹೇಳಿದಳು. ಆ ಮೈಮೇಲೆ ಯಾರದಾದರೂ ಕೈ ಬಿದ್ದರೆ ಈ ಮನೇಲಿ ನಿಲ್ಲಲ್ವಂತೆ. ಹೋಗುವಾಗ ಒಬ್ಬಳೇ ಹೋಗಲ್ವಂತೆ."

ಅವನು ಎರಡೂ ಕೆನ್ನೆಗೆ ತಪ್ಪಾಯಿತು ಎಂಬಂತೆ ಬಡಿದುಕೊಂಡ. ನಾನು ಗೇಟು ದಾಟುವಾಗ ಹಿಂದಿನಿಂದ ಕೇಳಿದ, "ಆ ಭುಜದ ಟ್ರೀಟ್‌ಮೆಂಟು? ಮುಂದಿನ ವಾರ ಕಳಿಸ್ಲಾ?"

"ಅದು ಇನ್ನು ಬೇಡ" ಎಂದೆ.