ನಾಲ್ಕು ಚೌಕದ ಕಾರ್ಡು

ಚೈತ್ರಾ, ಸುಮಂತ್, ಹೋದ ಸಲ ಬಂದಾಗ ನನ್ನ ಟ್ರಂಕಿನಲ್ಲಿದ್ದ ಹಳೆಯ ಸ್ಪ್ಯಾನರ್ ನೋಡಿ “ಅಜ್ಜಿ, ನೀನೇನು ಮೆಕ್ಯಾನಿಕ್ಕಾ?” ಎಂದು ನಕ್ಕಿರಿ. ನಾನೂ ನಕ್ಕು ಟ್ರಂಕು ಮುಚ್ಚಿದೆ. ಎದುರಿಗೆ ಕೂತು ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

1980ನೇ ಇಸವಿ. ಪೀಣ್ಯದ ಹಿಂಬದಿಯ ನಮ್ಮೂರಿನಲ್ಲಿ ಹೊಸದಾಗಿ ಹಾಕಿದ ಕೈಪಂಪಿಗೆ ನಾನು ಕೇರ್‌ಟೇಕರ್, ಅಂದರೆ ಉಸ್ತುವಾರಿ. ಊರಿನ ಹೆಂಗಸರಲ್ಲಿ ಏಳನೇ ಕ್ಲಾಸು ಮುಗಿಸಿದವಳು ನಾನೊಬ್ಬಳೇ ಎಂದು ಆ ಕೆಲಸ ನನಗೆ ಬಂತು. ನಿಮ್ಮ ತಾತ ಆಗ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸಕ್ಕಿದ್ದರು. ಗಂಡಸರ ಮುಂದೆ ತಲೆ ಎತ್ತದ ನನ್ನ ಕೈಗೆ ಎರಡು ಸ್ಪ್ಯಾನರ್ ಬಂದಿದ್ದು ನೋಡಿ ಅವರಿಗೆ ಒಳಗೊಳಗೇ ಹೆಮ್ಮೆ.

ಆ ಯೋಜನೆಯಲ್ಲಿ ಮೂವರಿದ್ದರು. ಪಂಪನ್ನು ಕೊಟ್ಟಿದ್ದು ಹೊರದೇಶದ ಒಂದು ನೆರವಿನ ಸಂಸ್ಥೆ. ಕೊಳವೆ ಬಾವಿ ಕೊರೆಸಿ, ಪಂಪು ಕೆಟ್ಟರೆ ರಿಪೇರಿ ಮಾಡುವುದು ಸರ್ಕಾರದ ಪಾಲು. ಊರಿನವರನ್ನು ಒಪ್ಪಿಸಿ, ನನ್ನಂಥವರಿಗೆ ತರಬೇತಿ ಕೊಡುವುದು ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯ ಪಾಲು. ಮೂವರ ಹೆಸರನ್ನೂ ಪಂಪಿನ ಕಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು.

ಸರ್ಕಾರದ್ದು ಒಂದು ಷರತ್ತಿತ್ತು. ಊರಿನ ಹಳೆಯ ತೆರೆದ ಬಾವಿಯನ್ನು ಮುಚ್ಚಬೇಕು, ಅದರಲ್ಲಿ ರೋಗವಿದೆ ಎಂದು. ಜನ ಒಪ್ಪಲಿಲ್ಲ. ಸ್ವಯಂಸೇವಾ ಸಂಸ್ಥೆಯ ಸೂಪರ್‌ವೈಸರ್ ಪ್ರಭಾಕರ್ ನನ್ನನ್ನು ಮನೆಮನೆಗೆ ಕಳಿಸಿದ. ಎಲ್ಲರಿಗಿಂತ ಹಟ ಹಿಡಿದವಳು ಪಕ್ಕದ ಮನೆಯ ಚಿಕ್ಕತಾಯಜ್ಜಿ. ಮದುವೆಯಾಗಿ ಬಂದಾಗಿನಿಂದ ಆ ಬಾವಿಯ ನೀರು ಕುಡಿದವಳು.

“ಕಬ್ಬಿಣದ್ ವಾಸ್ನೆ ಕಣೆ ಆ ನೀರು. ಕುದ್ರೆ ಲಾಳ ನೆಕ್ದಂಗೈತೆ,” ಎಂದಳು.

“ಎಂಟು ದಿನ ಕುಡಿದ್ರೆ ಅಭ್ಯಾಸ ಆಗುತ್ತಜ್ಜಿ. ಒಳ್ಳೇ ನೀರು. ನಾನು ಹೇಳ್ತಿಲ್ವಾ?”

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಬಾಯೇ ಬಿಡ್ದೋಳು ಇವತ್ತು ಇಷ್ಟು ಮಾತಾಡ್ತಾ ಇದೀಯಾ ಅಂದ್ರೆ ದಿಟವೇ ಇರ್ಬೇಕು ಬಿಡು. ಬಾವಿ ಮುಚ್ಕೊಳ್ಳಿ.”

ಹತ್ತಾರು ಟ್ರ್ಯಾಕ್ಟರ್ ಮಣ್ಣು ಸುರಿದು ಬಾವಿ ಮುಚ್ಚಿದರು.

ನನ್ನ ಕೆಲಸ ಇಷ್ಟು. ವಾರಕ್ಕೊಮ್ಮೆ ಪಂಪಿನ ತಲೆಯೊಳಗೆ ಹಿಡಿಗೆ ಜೋಡಿಸಿದ ಸರಪಳಿಗೆ ಗ್ರೀಸ್ ಹಚ್ಚಬೇಕು, ಬೋಲ್ಟು ಬಿಗಿ ಮಾಡಬೇಕು. ಪಂಪು ಕೆಟ್ಟರೆ ಅಚ್ಚು ಹಾಕಿದ ಪೋಸ್ಟ್ ಕಾರ್ಡು ಕಳಿಸಬೇಕು. ಆ ಕಾರ್ಡಿನಲ್ಲಿ ನಾಲ್ಕು ಚೌಕಗಳು: ಹಿಡಿ ಸಡಿಲವಾಗಿದೆ, ಸರಪಳಿ ತುಂಡಾಗಿದೆ, ನೀರು ಬರುತ್ತಿಲ್ಲ, ಕಟ್ಟೆ ಬಿರುಕು ಬಿಟ್ಟಿದೆ. ಯಾವುದೋ ಅದಕ್ಕೆ ಗುರುತು ಹಾಕಿ ಡಬ್ಬಿಗೆ ಹಾಕಿದರೆ ಸರ್ಕಾರದ ಮೆಕ್ಯಾನಿಕ್ ನಂಜಪ್ಪ ಜೀಪಿನಲ್ಲಿ ಬರುತ್ತಿದ್ದ. ಎರಡು ವರ್ಷ ಎಲ್ಲವೂ ಸರಿಯಾಗಿತ್ತು. ಸಂಸ್ಥೆಯವರು ಬೇರೆ ಊರಿನ ಹೆಂಗಸರನ್ನು ಕರೆತಂದು ನನ್ನ ಪಂಪು ತೋರಿಸುತ್ತಿದ್ದರು.

ಆಮೇಲೆ ಊರ ಮೇಲುಗಡೆ ಪ್ಲೇಟಿಂಗ್ ಶೆಡ್ಡೊಂದು ಬಂತು. ಕಬ್ಬಿಣದ ಸಾಮಾನಿಗೆ ಹೊಳಪು ಕೊಡುವ ಕೆಲಸ ಅಲ್ಲಿ. ಅದರ ರಾಸಾಯನಿಕದ ನೀರು ಹಳ್ಳಕ್ಕೆ ಹರಿದು ಅಲ್ಲೇ ಇಂಗುತ್ತಿತ್ತು. 1983ರ ಬೇಸಿಗೆಯಲ್ಲಿ ಪಂಪಿನ ನೀರು ತಿಳಿಹಳದಿಯಾಯಿತು. ನಿಮ್ಮ ತಾತ ಒಂದು ಲೋಟ ಬೆಳಕಿಗೆ ಹಿಡಿದು ನೋಡಿ, “ಇದು ಪ್ಲೇಟಿಂಗ್ ನೀರು ಕಣೆ. ನಮ್ ಶಾಪಿನ ಹಿಂದೆ ಇದೇ ಬಣ್ಣ ಹರಿಯುತ್ತೆ,” ಎಂದರು.

ಕಾರ್ಡು ತೆಗೆದೆ. ನೀರು ಕೆಟ್ಟಿದೆ ಎನ್ನುವ ಚೌಕ ಇರಲಿಲ್ಲ. ಅಂಚಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ “ನೀರು ಹಳದಿಯಾಗಿದೆ, ದಯವಿಟ್ಟು ಪರೀಕ್ಷೆ ಮಾಡಿಸಿ” ಎಂದು ಬರೆದು ಹಾಕಿದೆ. ಯಾರೂ ಬರಲಿಲ್ಲ. ಮೂರು ಕಾರ್ಡು ಹಾಕಿದೆ. ಗುರುತಿಲ್ಲದ ಕಾರ್ಡನ್ನು ಆಫೀಸಿನಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಪ್ರಭಾಕರನನ್ನು ಕೇಳಿದರೆ, “ನೀರು ಸರ್ಕಾರದ್ದು ಕಣಮ್ಮ, ನಮ್ದು ಬರೀ ತರಬೇತಿ,” ಎಂದ. ಸರ್ಕಾರದ ಆಫೀಸಿಗೆ ಹೋದರೆ, “ನಿಮ್ಮ ಸಂಸ್ಥೆ ಮೂಲಕ ಬರಬೇಕು,” ಎಂದರು. ಪಂಪು ಕೊಟ್ಟವರು ಯಾವ ಊರಿನಲ್ಲಿದ್ದಾರೆಂದೇ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಚಿಕ್ಕತಾಯಜ್ಜಿಗೆ ಹೊಟ್ಟೆನೋವು, ವಾಂತಿ ಶುರುವಾಯಿತು. ಕುಡಿಯಬೇಡಿ ಎಂದು ಎಲ್ಲರಿಗೂ ಹೇಳಿದೆ. ಕುಡಿಯದೆ ಏನು ಮಾಡುತ್ತಾರೆ? ಬೇರೆ ನೀರಿಗೆ ದಾಸರಹಳ್ಳಿಯ ಕಡೆಗೆ ಮೈಲಿಗಟ್ಟಲೆ ನಡೆಯಬೇಕು. ನನ್ನ ಕೈಲಾದದ್ದು ಅಜ್ಜಿಗೆಂದು ದಿನಕ್ಕೊಂದು ಕೊಡ ಹೊತ್ತು ತರುವುದು. ಅದು ಅವಳ ಮನೆಯ ಏಳು ಜನಕ್ಕೆ ಎಲ್ಲಿ ಸಾಕಾದೀತು?

ಕೊನೆಗೆ ಜೀವನದಲ್ಲಿ ಮೊದಲ ಸಲ ಬರವಣಿಗೆಯಲ್ಲಿ ಸುಳ್ಳು ಹೇಳಿದೆ. “ಸರಪಳಿ ತುಂಡಾಗಿದೆ” ಎನ್ನುವ ಚೌಕಕ್ಕೆ ಗುರುತು ಹಾಕಿದೆ. ಮೂರನೆಯ ದಿನ ಜೀಪು ಬಂತು. ನಂಜಪ್ಪ ಹಿಡಿ ಒತ್ತಿದ. ನೀರು ಧಾರಾಳವಾಗಿ ಸುರಿಯಿತು.

“ಏನಕ್ಕ ಇದು? ಸರಪಳಿ ಗಟ್ಟಿಯಾಗೈತಲ್ಲ?”

ಬಾಟಲಿಯಲ್ಲಿ ಹಿಡಿದಿಟ್ಟಿದ್ದ ನೀರನ್ನು ಮುಂದೆ ಚಾಚಿದೆ. “ಇದನ್ನ ಆಫೀಸಿಗೆ ಕೊಡಿ ಅಣ್ಣ.”

“ನಾನು ಪಂಪ್ ಮೆಕ್ಯಾನಿಕ್ ಕಣಕ್ಕ. ನನ್ ಲಿಸ್ಟಲ್ಲಿ ನೀರೇ ಇಲ್ಲ. ಅದ್ಬಿಟ್ಟು ಇನ್ನೇನಾದ್ರೂ ಇದ್ರೆ ಹೇಳು.” ಕೆಟ್ಟ ಮನುಷ್ಯನಲ್ಲ. ಬರುವಾಗ ಅಜ್ಜಿಯ ಮೊಮ್ಮಕ್ಕಳಿಗೆ ಪೆಪ್ಪರ್‌ಮೆಂಟು ತಂದಿದ್ದ. ಆದರೂ ಪುಸ್ತಕದಲ್ಲಿ ‘ಸುಳ್ಳು ದೂರು’ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡ.

ಹದಿನೈದು ದಿನಕ್ಕೆ ಪಂಪು ಕೊಟ್ಟ ಹೊರದೇಶದ ಸಂಸ್ಥೆಯಿಂದ ಒಬ್ಬರು ಮೇಡಂ ಬಂದರು, ಪಂಪುಗಳು ನಡೆಯುತ್ತಿವೆಯೇ ಎಂದು ನೋಡಲು. ಜೊತೆಗೆ ಸರ್ಕಾರದ ಅಧಿಕಾರಿ, ಪ್ರಭಾಕರ್. ಬಾಟಲಿ ನನ್ನ ಸೆರಗಿನೊಳಗಿತ್ತು. ಪ್ರಭಾಕರ್ ಹತ್ತಿರ ಬಂದು ಮೆಲ್ಲಗೆ, “ಸುಳ್ಳು ದೂರು ಕೊಟ್ಟಿರೋಳು ನೀನು. ಈಗ ಬಾಯಿ ಬಿಟ್ರೆ ಯಾರಮ್ಮ ನಂಬ್ತಾರೆ? ಸುತ್ತಲಿನ ಊರುಗಳಿಗೂ ಪಂಪು ಬರೋದು ನಿಂತೋಗುತ್ತೆ,” ಎಂದ.

ಮೇಡಂ ಹಿಡಿ ಒತ್ತಿ ನೋಡಿದರು. ನಕ್ಕರು. ಫೋಟೋ ತೆಗೆಸಿಕೊಂಡರು. ಬಾಯಾರಿದಾಗ ತಮ್ಮ ಫ್ಲಾಸ್ಕಿನಿಂದ ಕುಡಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ಅಧಿಕಾರಿ ಕನ್ನಡದಲ್ಲಿ ಹೇಳಿದರು: “ಏನಾದ್ರೂ ತೊಂದರೆ ಇದೆಯಾ ಅಂತ ಕೇಳ್ತಿದ್ದಾರೆ.”

ಸೆರಗಿನೊಳಗೆ ಬಾಟಲಿ ನನ್ನ ಅಂಗೈಯಲ್ಲೇ ಇತ್ತು. ನಾನು ಕಾಲಬೆರಳು ನೋಡುತ್ತಾ ನಿಂತೆ. ಇಲ್ಲ ಎಂದು ತಲೆಯಾಡಿಸಿದೆ. ಮಕ್ಕಳೇ, ಈ ಒಂದು ಸಾಲು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ಚಿಕ್ಕತಾಯಜ್ಜಿ ಆ ತಿಂಗಳು ದಾಟಲಿಲ್ಲ. ನೀರಿನಿಂದಲೇ ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಹೋಗುವ ಹಿಂದಿನ ದಿನ ನನ್ನನ್ನು ಗುರುತಿಸಿ, “ಬಾವಿ ನೀರು ಒಂದ್ ಲೋಟ ತತ್ತಾ ಮಗ,” ಎಂದಳು. ಎಲ್ಲಿಂದ ತರಲಿ?

ಅವಳ ಮಣ್ಣು ಮುಗಿಸಿ ಬಂದ ಮಧ್ಯಾಹ್ನ ಎಲ್ಲರೂ ನೋಡುತ್ತಿದ್ದಂತೆ ಪಂಪಿನ ತಲೆ ಬಿಚ್ಚಿ ಸರಪಳಿ ತೆಗೆದೆ. ನನಗೆ ಕಲಿಸಿದ್ದ ಕೆಲಸವೇ ಅದು. ಜನ ಪಂಪು ಬಿಟ್ಟು ಬೇರೆ ನೀರು ಹುಡುಕಲಿ, ಯಾರಾದರೂ ಬಂದು ಕೇಳಲಿ ಎಂದುಕೊಂಡೆ. ಕೇಳಲು ಯಾರೂ ಬರಲಿಲ್ಲ. ಪ್ರಭಾಕರನೇ ಕಾರ್ಡು ಹಾಕಿದ, ಎರಡೇ ದಿನದಲ್ಲಿ ನಂಜಪ್ಪ ಹೊಸ ಸರಪಳಿ ಹಾಕಿ ಹೋದ. ಆ ಜಿಲ್ಲೆಯಲ್ಲೇ ಅಷ್ಟು ಬೇಗ ರಿಪೇರಿಯಾದ ಪಂಪು ಇನ್ನೊಂದಿಲ್ಲ ಎಂದು ಆಫೀಸಿನಲ್ಲಿ ಹೊಗಳಿಕೊಂಡರಂತೆ. ನನ್ನನ್ನು ಕೆಲಸದಿಂದ ತೆಗೆದರು. ಒಂದು ಸ್ಪ್ಯಾನರ್ ಒಯ್ದರು. ಇನ್ನೊಂದನ್ನು ನಾನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ನಾಲ್ಕು ವರ್ಷದ ನಂತರ ಊರಿಗೆ ನಲ್ಲಿ ಬರುವವರೆಗೂ ಆ ಪಂಪು ಒಂದು ದಿನವೂ ಕೆಡದೆ ನಡೆಯಿತು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮೂರು ಹೆಸರು ಬರೆದ ಕಡೆ, ಕೆಟ್ಟಾಗ ಯಾವ ಬಾಗಿಲು ತಟ್ಟಬೇಕು ಎಂದು ಮೊದಲೇ ಕೇಳಿ. ಕೇಳದೆ ಊರಿಗೆ ನಿಮ್ಮ ಮಾತು ಕೊಡಬೇಡಿ. ಹಳೆಯ ಬಾವಿಯನ್ನಂತೂ ಮುಚ್ಚಿಸಬೇಡಿ. ಮಾತು ಕೊಟ್ಟ ಮೇಲೆ ಅದು ತಪ್ಪೆಂದು ಗೊತ್ತಾದರೆ, ನಾಚಿಕೆಯಾದರೂ ಸೆರಗಿನಿಂದ ಬಾಟಲಿ ಹೊರಗೆ ತೆಗೆಯಿರಿ.

ಕೊನೆಯ ಹಾಳೆಗೆ ಒಂದು ಕಾರ್ಡು ಹೊಲಿದಿದ್ದೇನೆ. ನನ್ನ ಹತ್ತಿರ ಉಳಿದಿದ್ದು ಅದೊಂದೇ. ನಾಲ್ಕು ಚೌಕದ ಕೆಳಗೆ ಐದನೆಯದನ್ನು ನಿನ್ನೆ ನಾನೇ ಸ್ಕೇಲಿಟ್ಟು ಎಳೆದು, “ನೀರು ಕೆಟ್ಟಿದೆ” ಎಂದು ಬರೆದು ಗುರುತು ಹಾಕಿದ್ದೇನೆ. ಕಳಿಸಲು ಆ ಆಫೀಸು ಈಗಿಲ್ಲ. ನೀವಾದರೂ ಈ ಹಾಳೆಗಳನ್ನು ಒದ್ದೆಯಾಗದಂತೆ ಜೋಪಾನವಾಗಿ ಇಟ್ಟುಕೊಳ್ಳಿ.