ದೊಡ್ಡ ಬಂಕಿನ ಪೆಟ್ರೋಲು

ನಮ್ಮ ಸೀಟತ್ತೆಗೆ ಪೆಟ್ರೋಲಿನ ವಿಷಯದಲ್ಲಿ ಬುದ್ಧಿ ಹೇಳಲು ಹೋದವರು ಯಾರೂ ಮರ್ಯಾದೆ ಉಳಿಸಿಕೊಂಡು ವಾಪಸು ಬಂದದ್ದಿಲ್ಲ. ನಾನೇ ಎಷ್ಟೋ ಸಲ ಮಂಗಳಾರತಿ ಎತ್ತಿಸಿಕೊಂಡಿದ್ದೇನೆ. ಹಾಗಂತ ಸುಮ್ಮನಿರುವ ಜಾತಿ ನಾನಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಕೂತು ದಿನವಿಡೀ ಮಾತಾಡುವುದೇ ನನ್ನ ಹೊಟ್ಟೆಪಾಡು, ಮನೆಗೆ ಬಂದಮೇಲೂ ಬಾಯಿಗೆ ಬ್ರೇಕು ಬೀಳುವುದಿಲ್ಲ.

ಸೀಟತ್ತೆ ಎಂದರೆ ನಮ್ಮಪ್ಪನ ತಂಗಿ. ಕಾರುಗಳಿಗೆ ಸೀಟು ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅದಕ್ಕೇ ಆ ಹೆಸರು. ರೆಕ್ಸಿನ್ ಸುರುಳಿ, ಸ್ಪಂಜಿನ ಹಾಳೆ, ಅಂಟಿನ ಡಬ್ಬ, ಇವುಗಳ ಮಧ್ಯೆ ದಪ್ಪ ಸೂಜಿಯ ಮೆಷಿನ್ನಿನ ಮುಂದೆ ಅವಳ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು. ಬಲಗೈ ಹೆಬ್ಬೆರಳು ಇವತ್ತಿಗೂ ಒರಟು. ಬೇರೆಯವರ ಕಾರಿನಲ್ಲಿ ಕೂತರೆ ಮೊದಲು ಸೀಟಿನ ಹೊಲಿಗೆ ಸವರಿ ನೋಡಿ, ಮೂತಿ ಸೊಟ್ಟ ಮಾಡಿ, ಆಮೇಲೆ ಯೋಗಕ್ಷೇಮ ವಿಚಾರಿಸುತ್ತಾಳೆ.

ಅವಳ ಗಂಡ, ನಮ್ಮ ಮಾವ, ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದರು. ತೂಕದ ಬಟ್ಟುಗಳ ಪೆಟ್ಟಿಗೆ ಇಟ್ಟುಕೊಂಡು ಬೀದಿ ಬೀದಿ ಸುತ್ತಿ, ಯಾವ ತಕ್ಕಡಿ ಎಷ್ಟು ಸುಳ್ಳು ಹೇಳುತ್ತಿದೆ ಎಂದು ಹಿಡಿದು ಸರಿಮಾಡುವ ಕೆಲಸ. ಮಾತಾಡಿದರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎನ್ನುವಂಥ ಮನುಷ್ಯ. ಏನು ಕೇಳಿದರೂ ‘ಹ್ಞೂಂ’. ಊಟ ಹೇಗಿದೆ? ಹ್ಞೂಂ. ಈ ಬಣ್ಣ ನನಗೆ ಒಪ್ಪುತ್ತಾ? ಹ್ಞೂಂ. ಸಾಯುವ ಹಿಂದಿನ ದಿನ ಎದೆನೋವಾ ಎಂದು ಡಾಕ್ಟರು ಕೇಳಿದಾಗಲೂ ಅಷ್ಟೇ ಹೇಳಿದ್ದು.

ಸುತ್ತಾಟಕ್ಕೆಂದು ಅವರು ಮದುವೆಗೆ ಮುಂಚೆಯೇ ಒಂದು ಹಳೇ ಕಾರು ಕೊಂಡಿದ್ದರು. ದುಂಡಗೆ, ಹಳದಿ ಬಣ್ಣ, ಎಂಜಿನ್ನು ಹಿಂದುಗಡೆ. ಬೀದಿಯವರು ಅದಕ್ಕೆ ಕುಂಬಳಕಾಯಿ ಎಂದು ಹೆಸರಿಟ್ಟರು. ಅದರ ಎಂಜಿನ್ನಿಗೆ ನೀರಿನ ಹಂಗಿಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ಒಳಗೆ ಫ್ಯಾನು ಭರ್ರೆಂದು ತಿರುಗುವ ಸದ್ದಿಗೆ ಗಾಡಿ ಬೀದಿ ತಿರುವಿನಲ್ಲಿದ್ದಾಗಲೇ ಅತ್ತೆ ಒಲೆ ಹಚ್ಚುತ್ತಿದ್ದಳು.

ಈ ಕುಂಬಳಕಾಯಿಗೆ ದೊಡ್ಡ ಬಂಕಿನ ದುಬಾರಿ ಪೆಟ್ರೋಲೇ ಆಗಬೇಕು. ‘ನೀರಿಲ್ಲದ ಎಂಜಿನ್ನು, ಬೇಗ ಕಾಯುತ್ತೆ, ದೊಡ್ಡ ನಂಬರಿನ ಪೆಟ್ರೋಲೇ ಬೇಕು.’ ನನಗೆ ತಿಳಿದಂತೆ ಮಾವನ ಜೀವನದಲ್ಲೇ ಉದ್ದನೆಯ ವಾಕ್ಯ ಅದು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ದೊಡ್ಡ ಬಂಕು ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಅತ್ತೆಯ ಸೀಟಿನ ಅಂಗಡಿಯ ಎದುರಿಗೇ. ಹಾಗೆಯೇ ಅವರಿಬ್ಬರೂ ಪರಿಚಯವಾದದ್ದು. ಒಂದು ಬಿಸಿಲಿನ ದಿನ ಬಂಕಿನಲ್ಲಿ ಉದ್ದ ಸಾಲಿತ್ತಂತೆ, ಮಾವ ಗಾಡಿಯನ್ನು ಅಂಗಡಿಯ ನೆರಳಿಗೆ ನಿಲ್ಲಿಸಿದರಂತೆ, ಅತ್ತೆ ಕಿಟಕಿಯಿಂದ ಇಣುಕಿ, ‘ನಿಮ್ಮ ಸೀಟು ಹರಿದಿದೆ, ಹೊಲಿದು ಕೊಡ್ಲಾ?’ ಎಂದಳಂತೆ. ಅವರು ಹ್ಞೂಂ ಎಂದರು. ಮದುವೆಯಾದ ಮೇಲೂ ಅತ್ತೆ ಕೆಲಸ ಬಿಡಲಿಲ್ಲ. ದಿನಾ ಬೆಳಿಗ್ಗೆ ಮಾವ ಬೀಗದ ಕೈ ತಿರುಗಿಸುತ್ತಾ, ‘ಹೇಗೂ ಬಂಕಿಗೆ ಹೋಗ್ತಿದೀನಿ, ಹತ್ತು’ ಎನ್ನುತ್ತಿದ್ದರು. ದಿನಾ ಬಂಕಿಗೆ ಹೋಗುವಷ್ಟು ಪೆಟ್ರೋಲು ಯಾವ ಗಾಡಿ ಕುಡಿಯುತ್ತದೆ ಎಂದು ಯೋಚಿಸುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

‘ನಮ್ಮ ಸಂಬಂಧ ಕೂಡಿಸಿದ್ದು ಪೆಟ್ರೋಲು ಕಣೆ’ ಎಂದು ಅತ್ತೆ ನಗುತ್ತಿದ್ದಳು. ಆ ನಗುವಿನಲ್ಲಿ ಏನೋ ಒಂದು ಚೂರು ಕಡಿಮೆ ಇರುತ್ತಿತ್ತು.

ಮಾವ ಹೋದಮೇಲೆ ಗಾಡಿ ಮಾರು ಎಂದವರೆಲ್ಲ ಅವಳಿಗೆ ಶತ್ರುಗಳಾದರು. ಸಾವಿನ ಮನೆಗೆ ಮಾತಾಡಿಸಲು ಬಂದ ಮೆಕ್ಯಾನಿಕ್ ಮೇಸ್ತ್ರಿ ಬಾಯಿತಪ್ಪಿ, ‘ಇನ್ನು ಗಾಡಿ ಯಾಕಮ್ಮ?’ ಎಂದದ್ದಕ್ಕೆ ಅತ್ತೆ ಆಮೇಲೆ ಆತನ ಗ್ಯಾರೇಜಿನ ಹೊಸ್ತಿಲನ್ನೂ ತುಳಿಯಲಿಲ್ಲ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ವಾರಕ್ಕೊಮ್ಮೆ ಊರಿಗೆ ಒಂದು ಸುತ್ತು ಹಾಕಿ, ದೊಡ್ಡ ಬಂಕಿಗೆ ಹೋಗಿ, ಖರ್ಚಾದ ಒಂದಿಷ್ಟನ್ನು ಮತ್ತೆ ತುಂಬಿಸಿಕೊಂಡು ಬರುತ್ತಿದ್ದಳು. ಟ್ಯಾಂಕು ಕುತ್ತಿಗೆಮಟ್ಟ ಇರಬೇಕು, ಖಾಲಿ ಬಿಟ್ಟರೆ ತುಕ್ಕು. ಹೀಗಾಗಿ ಹಳೇ ಪೆಟ್ರೋಲಿನ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ತಳದಲ್ಲಿದ್ದದ್ದು ಯಾವ ಕಾಲದ್ದೋ ಆ ದೇವರಿಗೇ ಗೊತ್ತು.

ಈ ವರ್ಷದ ಆರಂಭದಲ್ಲಿ ಅವಳ ಕಣ್ಣು ತೋರಿಸಲು ನಾನೇ ಕರೆದುಕೊಂಡು ಹೋಗಿದ್ದೆ. ನೋಟ ಅಂಚಿನಿಂದ ಸವೆಯುತ್ತಿದೆ ಎಂದರು ಡಾಕ್ಟರು. ಸದ್ಯಕ್ಕೆ ಹಗಲಲ್ಲಿ ಓಡಿಸಬಹುದು, ಮುಂದಿನ ವರ್ಷ ಲೈಸೆನ್ಸು ಮುಗಿದಮೇಲೆ ಮತ್ತೆ ಸಿಗುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿದಳು.

‘ಅಷ್ಟರೊಳಗೆ ಒಂದು ಸಲ ಗುಡ್ಡ ಹತ್ತಬೇಕು,’ ಎಂದಳು.

‘ಅದಕ್ಕೇನಂತೆ, ಟ್ಯಾಕ್ಸಿ ಮಾಡ್ಕೊಂಡು ಹೋಗೋಣ.’

‘ನಿನ್ನ ತಲೆ. ನಮ್ಮ ಗಾಡೀಲಿ. ನಾನೇ ಓಡ್ಸಿಕೊಂಡು.’

ಊರಾಚೆಯ ಗುಡ್ಡದ ನೆತ್ತಿಯಲ್ಲಿ ರಸ್ತೆ ಅಗಲವಾಗುವ ಒಂದು ಜಾಗವಿದೆ. ರಜೆಯ ದಿನ ಮಾವ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಫ್ಲಾಸ್ಕಿನ ಚಹಾ ಕುಡಿಯುವುದು, ಕೆಳಗೆ ಕಾಣುವ ಊರು ನೋಡುವುದು, ವಾಪಸು ಬರುವುದು. ಇಷ್ಟೇ. ಅವರು ಹೋದಮೇಲೆ ಅವಳು ಅಲ್ಲಿಗೆ ಹೋಗಿರಲಿಲ್ಲ. ‘ಅವರು ಅಲ್ಲೇ ಎಲ್ಲೋ ಕಾಯ್ತಿದಾರೆ ಅನ್ಸುತ್ತೆ ಕಣೆ. ಹುಚ್ಚು ಅಂತ ನಂಗೂ ಗೊತ್ತು,’ ಎಂದಳು. ಟ್ಯಾಕ್ಸಿಯ ಮಾತು ಅಲ್ಲಿಗೇ ಬಿಟ್ಟೆ.

ಮೊದಲ ಸಲ ಹೋದಾಗ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗುಡ್ಡ ಇನ್ನೂ ಅರ್ಧ ಏರಿರಲಿಲ್ಲ, ಕುಂಬಳಕಾಯಿ ಕೆಮ್ಮಿತು, ಮುಗ್ಗರಿಸಿತು, ನಿಂತೇಬಿಟ್ಟಿತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಸತ್ತಿತು. ಹಿಂದೆ ಸಾಲುಗಟ್ಟಿ ನಿಂತವರು ಹಾರ್ನ್ ಬಾರಿಸಿದರು, ನಾನು ಇಳಿದು ಅವರ ವಂಶದ ಸುದ್ದಿಗೆಲ್ಲ ಹೋಗಿಬಂದೆ. ಕೊನೆಗೆ ತರಕಾರಿ ಲಾರಿಯವನೊಬ್ಬ ಹಗ್ಗ ಕಟ್ಟಿ ನಮ್ಮನ್ನು ನಿಧಾನಕ್ಕೆ ಕೆಳಗಿಳಿಸಿದ. ಅತ್ತೆ ಸ್ಟೇರಿಂಗು ಹಿಡಿದುಕೊಂಡೇ ಅಳುತ್ತಿದ್ದಳು. ‘ದೊಡ್ಡ ನಂಬರಿಂದೇ ಹಾಕಿದೀನಲ್ಲೇ, ಅವರು ಹೇಳಿದ ಹಾಗೇ ಮಾಡಿದೀನಲ್ಲೇ.’

ಮೇಸ್ತ್ರಿಯ ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ. ಆತನಿಗೂ ಈಗ ವಯಸ್ಸಾಗಿದೆ, ಮುಂಡಾಸಿನಂತೆ ತಲೆಗೊಂದು ಎಣ್ಣೆಬಟ್ಟೆ. ಹಳೇ ಮುನಿಸಿನ ಮಾತೆತ್ತದೆ ಹಿಂದಿನ ಮುಚ್ಚಳ ತೆಗೆದು, ಪೆಟ್ರೋಲಿನ ರಬ್ಬರ್ ಪೈಪನ್ನು ಎರಡು ಬೆರಳಲ್ಲಿ ಹಿಸುಕಿದ. ಅದು ನೆನೆದ ಬ್ರೆಡ್ಡಿನಂತೆ ಕಿತ್ತು ಬಂತು.

‘ಇದು ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕಿದ್ರೆ ಏನಾಗ್ತಿತ್ತು ಗೊತ್ತಾ? ಗಾಡಿ ನಿಂತಿದ್ದೇ ಪುಣ್ಯ,’ ಎಂದ. ಟ್ಯಾಂಕಿನಿಂದ ಒಂದಿಷ್ಟು ಬಾಟಲಿಗೆ ಇಳಿಸಿ ಮೂಗಿನ ಹತ್ತಿರ ಹಿಡಿದ. ‘ಅಮ್ಮಾ, ಇದು ಪೆಟ್ರೋಲಲ್ಲ, ವಾರ್ನಿಶ್ಶು.’

‘ದೊಡ್ಡ ಬಂಕಿಂದು. ದೊಡ್ಡ ನಂಬರಿಂದು,’ ಎಂದಳು ಅತ್ತೆ ಬಿಗಿಯಾಗಿ.

‘ಆ ಆಕ್ಟೇನ್ ನಂಬರು ದೊಡ್ಡದಿದ್ರೆ ಗಾಡಿಗೆ ಶಕ್ತಿ ಜಾಸ್ತಿ ಅಂತಲ್ಲಮ್ಮ. ಪೆಟ್ರೋಲನ್ನ ಎಷ್ಟರವರೆಗೆ ಹಿಂಡಿದ್ರೆ ತಾನಾಗೇ ಹತ್ಕೊಳ್ದೆ ತಡ್ಕೊಳುತ್ತೆ ಅನ್ನೋ ಲೆಕ್ಕ ಅದು. ಈಗಿನ ಎಂಜಿನ್ನುಗಳು ಒಳಗೆ ಜೋರಾಗಿ ಹಿಂಡ್ತವೆ, ಕೆಲವಕ್ಕೆ ಬೇಕಾಗುತ್ತೆ. ಇದು ಪಾಪದ್ದು, ಮೆತ್ತಗೆ ಹಿಂಡುತ್ತೆ. ಸಾಧಾರಣ ನಂಬರಿಂದೇ ಸಾಕು.’

‘ಮತ್ತೆ ನೀರಿಲ್ವಲ್ಲ ಇದಕ್ಕೆ? ಕಾಯಲ್ವಾ?’

‘ಕಾವು ತಗೊಂಡು ಹೋಗೋದು ಗಾಳಿ, ಎಂಜಿನ್ ಆಯಿಲ್ಲು. ಫ್ಯಾನ್ ಬೆಲ್ಟು ಬಿಗಿಯಾಗಿರ್ಲಿ, ಆಯಿಲ್ ಹೊಸದಿರ್ಲಿ. ನೀವು ನಂಬರು ನೋಡ್ಬೇಡಿ, ಬೆರಕೆ ನೋಡಿ. ಈಗ ಪೆಟ್ರೋಲಿಗೆ ಎಥನಾಲ್ ಅಂತ ಸ್ಪಿರಿಟ್ಟು ಬೆರೆಸ್ತಾರೆ, ದುಬಾರಿದ್ರಲ್ಲೂ ಇರುತ್ತೆ. ದಿನಾ ಓಡೋ ಹೊಸ ಗಾಡಿಗೆ ಏನೂ ಆಗಲ್ಲ. ನಿಂತ ಗಾಡೀಲಿ ಅದು ನೀರು ಎಳ್ಕೊಳುತ್ತೆ, ಹಳೇ ರಬ್ಬರು ತಿನ್ನುತ್ತೆ, ಏರಲ್ಲಿ ಎಂಜಿನ್ ಕಾದಾಗ ಪೈಪಲ್ಲೇ ಆವಿಯಾಗಿ ಕೂರುತ್ತೆ.’ ಕೆರೆಯ ದಡದಲ್ಲಿ ದೋಣಿಗಳಿಗೆಂದು ಬೆರಕೆಯಿಲ್ಲದ್ದನ್ನು ಮಾರುವ ಬಂಕಿದೆ, ತಿಂಗಳುಗಟ್ಟಲೆ ನಿಲ್ಲುವ ಎಂಜಿನ್ನಿಗೆ ಅದೇ ಒಳ್ಳೆಯದು, ಬೇಕಾದಷ್ಟೇ ಹಾಕಿ ಓಡಿಸಿ ಮುಗಿಸಬೇಕು ಎಂದೂ ಹೇಳಿದ.

ಅತ್ತೆಯ ಮೂಗಿನ ತುದಿ ಕೆಂಪಾಯಿತು. ‘ಹಾಗಾದ್ರೆ ನಮ್ಮೆಜಮಾನ್ರಿಗೆ ಏನೂ ಗೊತ್ತಿರ್ಲಿಲ್ಲ ಅಂತೀರಾ?’

‘ಗೊತ್ತಿಲ್ದೆ ಏನಮ್ಮ? ಗಾಡಿ ತಂದ ಹೊಸದ್ರಲ್ಲೇ ನಾನೇ ಹೇಳಿದ್ದೆ. ಸದಾ ಈ ಮೂಲೆ ಬಂಕಲ್ಲೇ ಸಾಧಾರಣದ್ದು ಹಾಕ್ಸೋರು. ಆ ದೊಡ್ಡ ಬಂಕಿಗೆ ಹೋಗೋಕೆ ಅಂತ, ನಿಮ್ಮ ಪರಿಚಯ ಆಗೋಕೂ ಮುಂಚಿಂದ, ಟ್ಯಾಂಕಲ್ಲಿ ಒಂಚೂರು ಜಾಗ ಬಿಟ್ಕೊಳೋರು.’

‘ಯಾಕೆ?’

ಮೇಸ್ತ್ರಿ ನನ್ನ ಮುಖ ನೋಡಿದ, ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ‘ಅಮ್ಮಾ, ಆ ರಸ್ತೇಲಿ ಅವರಿಗೆ ಒಂದೇ ಒಂದು ತಕ್ಕಡಿ ಗಿರಾಕಿ ಇರ್ಲಿಲ್ಲ.’

ಎಲ್ಲ ಸುಳ್ಳು ತಕ್ಕಡಿಗಳನ್ನು ಹಿಡಿದ ಮನುಷ್ಯ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಯಾರೂ ಕೇಳದಿದ್ದರೂ ಆ ಉದ್ದ ವಾಕ್ಯ ಯಾಕೆ ಹೇಳುತ್ತಿದ್ದರೆಂದು ನನಗೆ ಆಗ ಹೊಳೆಯಿತು. ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

‘ಸುಳ್ಳುಬುರುಕ,’ ಎಂದಳು ನಲ್ಲಿಗೆ ಮುಖ ಮಾಡಿ. ‘ನಾನು ಏನಂದ್ಕೊಂಡಿದ್ದೆ ಗೊತ್ತೇನೇ? ಪೆಟ್ರೋಲಿಗೆ ಬಂದೋರು, ನೆರಳು ಕಂಡು ನಿಲ್ಸಿದ್ರು. ಆ ಕಿಟಕೀಲಿ ನಾನಲ್ದೆ ಬೇರೆ ಯಾರು ಕೂತಿದ್ರೂ ಅವಳನ್ನೇ ಕಟ್ಕೊಳ್ತಿದ್ರು ಅಂತ. ಒಂದಿನ ಕೇಳೇಬಿಟ್ಟೆ, ಹಾಗೇ ಅಲ್ವಾ ಅಂತ. ಪೇಪರ್ ಓದ್ತಾ ಹ್ಞೂಂ ಅಂದ್ರು. ಆ ಹ್ಞೂಂ ಎದೇಲಿಟ್ಕೊಂಡು ಇಷ್ಟು ಕಾಲ ಬಾಳಿದೀನಿ ನಾನು. ನಿನ್ನನ್ನ ನೋಡೋಕೇ ಬರ್ತಿದ್ದೆ ಅಂತ ಒಂದು ಸಲ ಬಾಯಿಬಿಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?’

ಆಮೇಲೆ ಜೋರಾಗಿ ಅತ್ತಳು. ಸಾವಿನ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮೇಸ್ತ್ರಿ ಟ್ಯಾಂಕು ತೊಳೆದ, ಪೈಪು ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ಚೊಕ್ಕ ಮಾಡಿದ. ಕೆರೆ ದಡದ ಬಂಕಿನಲ್ಲಿ ಸಾಧಾರಣ ನಂಬರಿನ, ಬೆರಕೆಯಿಲ್ಲದ ಪೆಟ್ರೋಲು ಹಾಕಿಸಿಕೊಂಡು, ಮೋಡ ಕವಿದ ಒಂದು ತಂಪು ಬೆಳಿಗ್ಗೆ ಮತ್ತೆ ಹೊರಟೆವು. ಹಿಂದಿನ ಸಲ ನಿಂತ ತಿರುವು ಬಂದಾಗ ನಾನು ಉಸಿರು ಬಿಗಿಹಿಡಿದೆ. ಅತ್ತೆ ಗೇರು ಇಳಿಸಿದಳು, ಕುತ್ತಿಗೆಯನ್ನು ಪೂರ್ತಿ ತಿರುಗಿಸಿ ಎರಡೂ ಅಂಚು ನೋಡಿದಳು. ಕುಂಬಳಕಾಯಿ ಭರ್ರೆನ್ನುತ್ತಾ, ಅವಸರವಿಲ್ಲದೆ ಏರಿತು. ನೆತ್ತಿ ತಲುಪಿ ಬ್ರೇಕು ಹಾಕಿದಾಗ ಅವಳ ಬೆರಳುಗಳಿಗೆ ಸ್ಟೇರಿಂಗಿನಿಂದ ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

‘ಗೆದ್ದೆ ಬಿಡು ಅತ್ತೆ,’ ಎಂದೆ.

ಅವಳು ಸುತ್ತ ನೋಡಿದಳು. ಖಾಲಿ ರಸ್ತೆ, ಕೆಳಗೆ ಮಸುಕು ಮಸುಕಾಗಿ ಊರು. ‘ಇಲ್ಲಿ ಯಾರೂ ಇಲ್ಲ ಕಣೆ,’ ಎಂದಳು. ಬಾಗಿಲು ತೆರೆದು, ಗಾಡಿಯನ್ನು ಸುತ್ತಿಕೊಂಡು ನನ್ನ ಕಡೆ ಬಂದು ನಿಂತಳು. ‘ಆ ಕಡೆ ಹೋಗು. ವಾಪಸು ನೀನು ಓಡ್ಸು. ನಾನು ಯಾವತ್ತೂ ಇಲ್ಲಿ ಡ್ರೈವರ್ ಸೀಟಲ್ಲಿ ಕೂತಿದ್ದೋಳಲ್ಲ. ನನ್ನ ಜಾಗ ಇದು.’

ನಾನು ಜಾಗ ಬದಲಿಸಿದೆ. ಅವಳು ಪಕ್ಕದ ಸೀಟಿನಲ್ಲಿ ಒರಗಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

‘ಒಂದು ಉಪಕಾರ ಮಾಡ್ತೀಯಾ? ಕೆಳಗೆ ಇಳಿಯೋ ತನಕ ಬಾಯಿ ಮುಚ್ಕೊಂಡಿರು.’

ಇಳಿಜಾರು ಶುರುವಾಯಿತು. ಮೊದಲ ತಿರುವು ದಾಟಿದಮೇಲೆ ಅವಳು ಕಣ್ಣು ಮುಚ್ಚಿ, ನನ್ನ ಕಡೆಗೆ ಸ್ವಲ್ಪ ಮುಖ ತಿರುಗಿಸಿ, ‘ರೀ’ ಎಂದಳು. ‘ಮೇಸ್ತ್ರಿ ಎಲ್ಲಾ ಹೇಳ್ಬಿಟ್ಟ.’

ನಾನು ರಸ್ತೆ ನೋಡುತ್ತಿದ್ದೆ.

‘ಮುಂದಿನ ವರ್ಷಕ್ಕೆ ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ವಂತೆ, ರೀ. ನನ್ನನ್ನ ನೋಡೋಕೆ ಬರ್ತಿದ್ರಲ್ಲ, ಆಗಲೇ ಹೇಳಿದ್ರೆ ನಾನೂ ನಿಮ್ಮನ್ನ ಇನ್ನೊಂದಿಷ್ಟು ನೋಡಿಟ್ಕೊಳ್ತಿದ್ದೆ.’

ಹೇಳುವುದಕ್ಕೆ ನನ್ನ ಬಾಯಲ್ಲಿ ನೂರು ಮಾತಿದ್ದವು. ಒಂದನ್ನೂ ಆಡದೆ ಗಾಡಿ ಇಳಿಸಿದೆ.